ಅವೆಂಜರ್ 220 ಇಟ್ಕೊಂಡೋರನ್ನ ರೈಡಿಂಗ್ ಗ್ರೂಪ್‌ಗಳಲ್ಲಿ ಯಾಕಿಷ್ಟು ತಾತ್ಸಾರ ಮಾಡ್ತಾರೆ?

ಹಾಸನದ_ಹುಡುಗ:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಬಜಾಜ್ ಅವೆಂಜರ್ ಸ್ಟ್ರೀಟ್ 220 ತಗೊಂಡಿದೀನಿ (ಕ್ರೂಸರ್ ಬೈಕು, ಅಂದ್ರೆ ಸೀಟು ಕೆಳಗಿದ್ದು ಕಾಲು ಮುಂದೆ ಚಾಚಿ ಕೂರೋ ಥರದ್ದು), 2018ರ ಗಾಡಿ, ಕಂಡೀಶನ್ ಚೆನ್ನಾಗಿದೆ, ಆಫೀಸಿಗೂ ಅದೇ ಊರಿಗೂ ಅದೇ. ಬೆಂಗಳೂರಲ್ಲಿ ಒಂದು ರೈಡಿಂಗ್ ಗ್ರೂಪ್ ಸೇರ್ಕೊಳ್ಳೋಣ ಅಂತ ಕೇಳಿದ್ರೆ ಅಡ್ಮಿನ್ "ಬ್ರೋ ನಮ್ದು 350 ಸಿಸಿ ಮೇಲೆ ಮಾತ್ರ" ಅಂದ್ರು (ಸಿಸಿ ಅಂದ್ರೆ ಎಂಜಿನ್ ಸೈಜು). ಸರಿ, ಅವರ ಗ್ರೂಪು ಅವರ ರೂಲ್ಸು, ಆದ್ರೆ ಯಾಕೆ ಅಂತ ಕೇಳಿದ್ದಕ್ಕೆ ಒಬ್ರು ಅಂಕಲ್ ಗಾಡಿ ಅಂದ್ರು, ಇನ್ನೊಬ್ರು ಹುಡ್ಗೀರ್ ಗಾಡಿ ಅಂದ್ರು, ಮೂರನೇಯವ್ರು ಹಾರ್ಲೆ ತಗೊಳೋ ಯೋಗ್ಯತೆ ಇಲ್ದೋರು ತಗೊಳೋದು ಅಂದ್ರು. ಆಫೀಸ್ ಪಾರ್ಕಿಂಗಲ್ಲೂ ಇದೇ ಕಥೆ, ಸೋಫಾ ಬಂತು ಸೋಫಾ ಅಂತ.

ನಂಗೆ ಈ ಗಾಡಿ ನಿಜವಾಗ್ಲೂ ಇಷ್ಟ. ನನ್ನ ಹೈಟು 5 ಅಡಿ 4 ಇಂಚು, ಎರಡೂ ಕಾಲು ಪೂರ್ತಿ ನೆಲಕ್ಕೆ ಸಿಗುತ್ತೆ, ಹೆಂಡ್ತಿ ಹಿಂದೆ ಕೂತ್ರೆ ಬೆನ್ನು ನೋವು ಅನ್ನಲ್ಲ. ಮುಂದಿನ ತಿಂಗಳು ಇಬ್ರೂ ಹಾಸನ, ಬೇಲೂರು, ಮೂಡಿಗೆರೆ, ಚಾರ್ಮಾಡಿ ಮೇಲೆ ಧರ್ಮಸ್ಥಳಕ್ಕೆ ಹೋಗ್ಬೇಕು ಅಂತಿದೀವಿ. ನನ್ನ ಪ್ರಶ್ನೆ ಇಷ್ಟೇ, ಈ ಗಾಡಿ ಬಗ್ಗೆ ಜನ ಹೇಳೋದ್ರಲ್ಲಿ ನಿಜ ಎಷ್ಟು, ಬರೀ ಬಾಯಿಮಾತು ಎಷ್ಟು? ಮಾರಿ ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350 ತಗೋ ಅಂತ ಎಲ್ರೂ ತಲೆ ತಿಂತಿದಾರೆ, ಇರೋ ಸಾಲದ ಮೇಲೆ ಇನ್ನೊಂದು ಸಾಲ ಮಾಡೋಕೆ ಮನಸ್ಸಿಲ್ಲ. ಓಡ್ಸಿರೋರು ಮಾತ್ರ ಹೇಳಿ ಪ್ಲೀಸ್.

ಯಾದವಗಿರಿ_ಯೆಜ್ಡಿ:

ನೋಡಪ್ಪಾ, ನಾನು ಮೈಸೂರಿನವನು, ಅರವತ್ತು ದಾಟಿದೆ. 350 ಇಲ್ಲ ಅಂದ್ರೆ ಅದು ಗಾಡಿನೇ ಅಲ್ಲ ಅನ್ನೋ ಮಾತು ನಮ್ಮ ಕಾಲದಲ್ಲಿ ಈ ಊರಲ್ಲಿ ಕೇಳಿರ್ಲಿಲ್ಲ. ಇಲ್ಲಿ ಐಡಿಯಲ್ ಜಾವಾ ಫ್ಯಾಕ್ಟರಿ 1961ರಲ್ಲಿ ಶುರುವಾಯ್ತು, 1996ರಲ್ಲಿ ಮುಚ್ತು, ಅಷ್ಟು ವರ್ಷ ಆ ಗೇಟಿಂದ ಹೊರಗೆ ಬಂದ ಗಾಡಿಗಳಲ್ಲಿ ಹೆಚ್ಚಿನವು 250 ಸಿಸಿ. ಅದೇ ಜಾವಾ, ಆಮೇಲೆ ಯೆಜ್ಡಿ ಅಂತ ಹೆಸ್ರು ಬದಲಾಯ್ತು, ಆಮೇಲೆ ರೋಡ್‌ಕಿಂಗ್ ಬಂತು. ಹೆಂಡ್ತಿ ಹಿಂದೆ, ಮಗು ಟ್ಯಾಂಕ್ ಮೇಲೆ, ಹಂಗೆ ಗುಂಡ್ಲುಪೇಟೆ ಬಂಡೀಪುರ ದಾಟಿ ಊಟಿ ಹತ್ತಿ ಬಂದಿದಾರೆ ನಮ್ಮ ಬೀದಿಯವ್ರು. ಯಾರೂ ಸಿಸಿ ಎಷ್ಟು ಅಂತ ಕೇಳಿದ್ದು ನನಗೆ ನೆನಪಿಲ್ಲ.

ಬುಲೆಟ್ಟಿಗೆ ಗತ್ತು ಬಂದಿದ್ದು ಬೇರೆ ದಾರೀಲಿ. 1950ರ ದಶಕದಲ್ಲಿ ಸೈನ್ಯಕ್ಕೆ ಅಂತ ತರಿಸಿದ ಗಾಡಿ, 1955ರಲ್ಲಿ ಮದ್ರಾಸಲ್ಲಿ ಫ್ಯಾಕ್ಟರಿ ಆಯ್ತು, ಪೊಲೀಸ್ನೋರು ಓಡ್ಸಿದ್ರು, ಊರಲ್ಲಿ ಜಮೀನು ಇದ್ದೋರು ತಗೊಂಡ್ರು. ಹಂಗಾಗಿ ಅದು ಅಧಿಕಾರ ಇದ್ದೋರ ಗಾಡಿ ಅಂತ ಜನರ ತಲೇಲಿ ಕೂತ್ಬಿಡ್ತು. ಕ್ರೂಸರ್ ಕಥೆ ಹಂಗಲ್ಲ. 2001ರಲ್ಲಿ ಕವಾಸಕಿ ಬಜಾಜ್ ಎಲಿಮಿನೇಟರ್ ಬಂದಾಗ ಅದು 175 ಸಿಸಿ ಅಷ್ಟೇ, ಆದ್ರೆ ರೇಟು ಜಾಸ್ತಿ, ದುಡ್ಡಿದ್ದೋರು ಮಾತ್ರ ತಗೊಂಡ್ರು, ಆಗ ಅದನ್ನ ನಿಂತು ನೋಡೋರು! 2005ರಲ್ಲಿ ಅದೇ ಅಚ್ಚಿನ ಅವೆಂಜರ್ ಕಮ್ಮಿ ರೇಟಿಗೆ ಬಂತು, ಸಂಬಳದೋರು ತಗೊಳೋಕೆ ಶುರು ಮಾಡಿದ್ರು, ಅಲ್ಲಿಂದಲೇ ಈ ಹಾರ್ಲೆ ಆಸೆಯೋರು ಅನ್ನೋ ಮಾತು ಹುಟ್ಕೊಂಡಿದ್ದು. ಗಾಡಿ ಆಕಾರ ಹೆಚ್ಚುಕಮ್ಮಿ ಅದೇ, ಎಂಜಿನ್ನು ಸ್ವಲ್ಪ ದೊಡ್ಡದೇ ಆಗಿತ್ತು, ಬದಲಾಗಿದ್ದು ತಗೊಳೋರ ಜೇಬು. ಇದು ನನಗೆ ಬಹಳ ಬೇಸರದ ವಿಷಯ, ಯಾಕಂದ್ರೆ ಇದು ಗಾಡಿ ಬಗ್ಗೆ ಆಡೋ ಮಾತೇ ಅಲ್ಲ.

ಇನ್ನು ಲೆಕ್ಕಕ್ಕೆ ಬಂದ್ರೆ, ನಮ್ಮನೇಲಿ ಮಗಂದು ಕ್ಲಾಸಿಕ್ 350 ಇದೆ. ಅದರ ಪವರ್ 20 ಹಾರ್ಸ್‌ಪವರ್ ಚಿಲ್ರೆ, ನಿನ್ನ ಗಾಡೀದು 19ರ ಹತ್ರ. ವ್ಯತ್ಯಾಸ ಒಂದೂವರೆ ಅಷ್ಟೇ. ಟಾರ್ಕ್‌ನಲ್ಲಿ (ಎಂಜಿನ್ ಎಳೆಯೋ ಬಲ) ಮಾತ್ರ ನಿಜವಾದ ವ್ಯತ್ಯಾಸ ಇದೆ, ಅದು 27 ನ್ಯೂಟನ್ ಮೀಟರ್, ನಿಂದು ಹದಿನೇಳೂವರೆ. ಅಂದ್ರೆ ಗೇರ್ ಇಳಿಸ್ದೇ ಏರು ಹತ್ತೋದು ಅದಕ್ಕೆ ಸುಲಭ, ನೀನು ಒಂದು ಗೇರ್ ಇಳಿಸ್ಬೇಕು. ಆದ್ರೆ ಅದರ ತೂಕ 195 ಕೆಜಿ, ನಿಂದು ಅದಕ್ಕಿಂತ ಮೂವತ್ತು ಕೆಜಿ ಮೇಲೆ ಹಗುರ. ಗೇಟಲ್ಲಿ ಹಿಂದಕ್ಕೆ ತಳ್ಳಿ ನೋಡು, ಗೊತ್ತಾಗುತ್ತೆ. 350 ಮೇಲೆ ಮಾತ್ರ ಅನ್ನೋರು ಈ ಲೆಕ್ಕ ಒಂದ್ಸಲ ನೋಡ್ಬೇಕು.

ಗೇರ್_ಅಕ್ಕ:

ಹುಡ್ಗೀರ್ ಗಾಡಿ ಅನ್ನೋ ಮಾತು ಬಂದಿದ್ದಕ್ಕೆ ಬರೀತಿದೀನಿ. ನಾನು ಬೆಂಗಳೂರಲ್ಲಿ ಹತ್ತು ವರ್ಷದ ಮೇಲಾಯ್ತು ಬೈಕ್ ಓಡ್ಸೋಕೆ ಶುರು ಮಾಡಿ, ಹೈಟು 5 ಅಡಿ 1. ಅವೆಂಜರ್ ಸೀಟ್ ಹೈಟ್ 737 ಎಂಎಂ, ಮೀಟಿಯೋರ್ 765, ಹಳೇ ಹಿಮಾಲಯನ್ 800, 390 ಅಡ್ವೆಂಚರ್ 855. ಬೆಳ್ಳಂದೂರು ಸಿಗ್ನಲಲ್ಲಿ ರೋಡು ಒಂದು ಕಡೆ ಇಳಿಜಾರಿದ್ದು, ಪಕ್ಕದಲ್ಲಿ ಬಿಎಂಟಿಸಿ ಬಸ್ಸು ನಿಂತಿದ್ದಾಗ ಕಾಲು ನೆಲಕ್ಕೆ ಪೂರ್ತಿ ಸಿಗೋದು ಶೋಕಿ ಅಲ್ಲ ಅದು ಸೇಫ್ಟಿ. ಇದನ್ನ ಆರಡಿ ಇರೋ ಗಂಡಸ್ರಿಗೆ ಹೇಳಿ ಹೇಳಿ ಸಾಕಾಗಿದೆ. ಹುಡ್ಗೀರು ಓಡ್ಸ್ತಾರೆ ಅನ್ನೋದು ಒಂದು ಗಾಡಿಗೆ ಹೆಂಗೆ ಕೊರತೆ ಆಗುತ್ತೆ? ರೋಶ್ನಿ ಶರ್ಮಾ 2014ರಲ್ಲಿ ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಒಬ್ರೇ ಹೋಗಿದ್ದು ಅವೆಂಜರ್ 220ಲ್ಲೇ. ಆ ಅಡ್ಮಿನ್ ಗ್ರೂಪಲ್ಲಿ ಎಷ್ಟು ಜನ ಅಷ್ಟು ದೂರ ಹೋಗಿದಾರೆ ಕೇಳಿ.

ಇನ್ನೊಂದು ವಿಷಯ ಇದೆ, ಯಾರೂ ಹೇಳಲ್ಲ. ಕುಳ್ಳಗಿರೋರಿಗೆಲ್ಲಾ ಕ್ರೂಸರ್ರೇ ಸರಿ ಅನ್ನೋದೂ ತಪ್ಪು. ಸೀಟು ಕೆಳಗಿದ್ರೂ ಫುಟ್‌ಪೆಗ್ (ಕಾಲಿಡೋ ಕಂಬಿ) ಮುಂದೆ ಇರುತ್ತೆ, ಹ್ಯಾಂಡಲ್ ಅಗಲ ಇರುತ್ತೆ, ಕೈ ಚಿಕ್ಕದಿದ್ರೆ ಯೂ ಟರ್ನ್ ಹೊಡೆಯೋವಾಗ ಹೊರಗಡೆ ಕೈ ಪೂರ್ತಿ ಚಾಚಿ ಬಿಡುತ್ತೆ, ಆಗ ಕ್ಲಚ್ ಹಿಡಿಯೋಕೆ ಆಗಲ್ಲ. ಶೋರೂಮಿಗೆ ಹೋದ ಹುಡ್ಗೀರಿಗೆ ಸೇಲ್ಸ್‌ನೋರು "ಮೇಡಂ ನಿಮ್ಗೆ ಇದೇ ಕರೆಕ್ಟು" ಅಂತ ಕ್ರೂಸರ್ ತೋರಿಸ್ತಾರೆ, ಹ್ಯಾಂಡಲ್ ಪೂರ್ತಿ ತಿರುಗ್ಸಿ ನೋಡಿ ಅಂತ ಯಾರೂ ಹೇಳಲ್ಲ. ನಾನು ಸ್ನೇಹಿತೆಯರಿಗೆ ಹೇಳೋದು ಇಷ್ಟೇ, ಕೂತ್ಕೊಂಡು ಎರಡೂ ಕಡೆ ಹ್ಯಾಂಡಲ್ ಲಾಕ್‌ವರೆಗೂ ತಿರುಗ್ಸಿ, ಕ್ಲಚ್ ಸಿಗುತ್ತಾ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.

ಉಡುಪಿ_ಘಾಟಿ:

ನಾನು ಸ್ವಲ್ಪ ಬೇರೆ ಹೇಳ್ತೇನೆ, ಬೇಜಾರ್ ಮಾಡ್ಬೇಡಿ ಮಾರಾಯ್ರೆ. ತಮಾಷೆ ಮಾಡುವವರು ಮಾಡುವುದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕ್ರೂಸರ್‌ಗೆ ನಿಜವಾದ ತೊಂದರೆ ಉಂಟು, ಅದನ್ನೂ ಹೇಳ್ಬೇಕಲ್ವಾ. ನಮ್ಮದು ಘಾಟಿ ಊರು. ಮಳೆಗಾಲ ಮುಗಿದ ಮೇಲೆ ಇಲ್ಲಿಯ ರಸ್ತೆ ಹೇಗಿರ್ತದೆ ಅಂತ ನಿಮಗೆಲ್ಲ ಗೊತ್ತುಂಟು. ಬೇರೆ ಬೈಕಲ್ಲಿ ಹೊಂಡ ಬಂದ್ರೆ ಪೆಗ್ ಮೇಲೆ ಸ್ವಲ್ಪ ಎದ್ದು ನಿಲ್ಲಬಹುದು, ಮೊಣಕಾಲು ಆ ಪೆಟ್ಟು ತಗೊಳ್ತದೆ. ಕ್ರೂಸರಲ್ಲಿ ಕಾಲು ಮುಂದೆ ಉಂಟು, ಏಳ್ಲಿಕ್ಕೆ ಆಗುವುದಿಲ್ಲ, ಮೈಯ ಭಾರ ಎಲ್ಲ ಬಾಲಮೂಳೆ ಮೇಲೆ. ಸೀಟು ಕೆಳಗೆ ತರ್ಲಿಕ್ಕೆ ಅಂತ ಹಿಂದಿನ ಶಾಕ್‌ನ ಚಲನೆಯನ್ನೂ ಕಡಿಮೆ ಇಟ್ಟಿರ್ತಾರೆ, ಹಾಗಾಗಿ ಹೊಂಡದ ಪೆಟ್ಟು ನೇರ ಬೆನ್ನಿಗೆ. ತಿರುವಲ್ಲಿ ಜಾಸ್ತಿ ವಾಲಿಸಿದ್ರೆ ಪೆಗ್ ರಸ್ತೆಗೆ ತಾಗ್ತದೆ. ಆಗುಂಬೆಯಲ್ಲಿ 14 ಹೇರ್‌ಪಿನ್ ಉಂಟು, ಎದುರಿನಿಂದ ಟೆಂಪೋ ಬಂದಾಗ ಆ ಉದ್ದದ ಗಾಡಿಯನ್ನು ಒಳಬದಿಗೆ ತಿರುಗಿಸುವುದು ಬೇರೆ ಬೈಕಿನಷ್ಟು ಸುಲಭ ಅಲ್ಲ.

ಆದ್ರೆ ಒಂದು ವಿಷಯ ಗಮನಿಸಿ, ನಾನು ಹೇಳಿದ ಯಾವ ತೊಂದರೆಯೂ ಸಿಸಿಗೆ ಸಂಬಂಧ ಇಲ್ಲ. ಇದೆಲ್ಲ ಕೂರುವ ಭಂಗಿಯಿಂದ ಬರುವುದು. 650ರ ಸೂಪರ್ ಮೀಟಿಯೋರ್ ತಗೊಂಡ್ರೂ ಇದೇ, ಅದರ ತೂಕ 241 ಕೆಜಿ ಬೇರೆ. ಸಣ್ಣ ಕ್ರೂಸರ್‌ಗೆ ನಗುವವರು ದೊಡ್ಡ ಕ್ರೂಸರ್ ಎದುರು ಸೆಲ್ಫಿ ತೆಗೀತಾರೆ, ಹೊಂಡಕ್ಕೆ ಬಿದ್ದಾಗ ಎರಡರ ಸವಾರರ ಬೆನ್ನೂ ಒಂದೇ. ಸಿಸಿಗೆ ಸಂಬಂಧಪಟ್ಟ ತೊಂದರೆ ಒಂದೇ ಉಂಟು, ಓವರ್‌ಟೇಕ್. 80ರಲ್ಲಿ ಹೋಗುವಾಗ ಮುಂದಿನ ಟ್ಯಾಂಕರ್ ದಾಟ್ಲಿಕ್ಕೆ 220ರಲ್ಲಿ ಉಳಿದಿರುವ ದಮ್ಮು ಕಡಿಮೆ, ಹೆಂಡತಿ, ಬ್ಯಾಗು ಎಲ್ಲ ಇದ್ರೆ ಇನ್ನೂ ಕಡಿಮೆ. ಎದುರಿನ ರಸ್ತೆ ಪೂರ್ತಿ ಕಾಣುವ ತನಕ ಕಾಯ್ಬೇಕು. 350ರಲ್ಲೂ ಕಾಯ್ಬೇಕು ಆಯ್ತಾ, ಸ್ವಲ್ಪ ಕಡಿಮೆ ಅಷ್ಟೆ.

ಗೇರ್_ಅಕ್ಕ:

@ಉಡುಪಿ_ಘಾಟಿ ಒಪ್ತೀನಿ ಅಣ್ಣ, ಬಾಲಮೂಳೆ ವಿಷಯ ನೂರಕ್ಕೆ ನೂರು ನಿಜ. ಆದ್ರೆ ನಿಮ್ಮ ಥರ ವಿವರವಾಗಿ ಹೇಳಿದ್ರೆ ತಗೊಳೋನು ಯೋಚ್ನೆ ಮಾಡ್ತಾನೆ, ಹುಡ್ಗೀರ್ ಗಾಡಿ ಅಂತ ಒಂದೇ ಮಾತಲ್ಲಿ ಮುಗಿಸಿದ್ರೆ ಅವನಿಗೂ ಉಪಯೋಗ ಇಲ್ಲ, ಹೊಸದಾಗಿ ಕಲಿಯೋಕೆ ಬರೋ ಹುಡ್ಗೀರು ಅಲ್ಲೇ ವಾಪಸ್ ಹೋಗ್ತಾರೆ. ನಾನು ನೋಡಿದೀನಿ, ಮೊದ್ಲ ಬೈಕಿಗೇ ಕುದುರೆ ಎತ್ತರದ ಗಾಡಿ ತಗೊಂಡು ಸಿಗ್ನಲಲ್ಲಿ ಒಂದ್ಸಲ ಬಿದ್ದು ಆಮೇಲೆ ಮುಟ್ಟದೇ ಇರೋರನ್ನ.

ಕೆರೊಲಿನಾ_ಕನ್ನಡಿಗ:

ತುಮಕೂರಿನವನು, ಈಗ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದೀನಿ. ಇದನ್ನೆಲ್ಲಾ ಓದ್ತಾ ಇದ್ರೆ ಇಲ್ಲಿನ ಪಾರ್ಕಿಂಗ್ ಲಾಟ್ ಮಾತುಗಳೇ ಕಣ್ಮುಂದೆ ಬಂದ್ವು. ಇಲ್ಲಿ ಹುಡ್ಗೀರ್ ಗಾಡಿ ಅನ್ನಿಸ್ಕೊಳ್ಳೋದು ಯಾವ್ದು ಗೊತ್ತಾ? ಹಾರ್ಲೆ ಸ್ಪೋರ್ಟ್‌ಸ್ಟರ್ 883! ಊರಲ್ಲಿ ಅದು ಬಂದು ನಿಂತ್ರೆ ಟೀ ಅಂಗಡಿಯೋನೂ ಆಚೆ ಬಂದು ನೋಡ್ತಾನೆ, ತೂಕನೇ 250 ಕೆಜಿ ಮೇಲೆ, ಅದನ್ನ ಇಲ್ಲಿ ದೊಡ್ಡ ಟೂರಿಂಗ್ ಹಾರ್ಲೆ ಇಟ್ಕೊಂಡೋರು ಚಿಕ್ಕ ಗಾಡಿ, ಹೆಂಡ್ತಿಗೆ ಕೊಡ್ಸೋ ಗಾಡಿ ಅಂತಾರೆ. ಸ್ಪೋರ್ಟ್‌ಸ್ಟರ್ 1957ರಲ್ಲಿ ಬಂದಾಗ 883 ಸಿಸಿನೇ ಇತ್ತು, ಬ್ರಿಟಿಷ್ ಬೈಕ್‌ಗಳಿಗೆ ಸ್ಪೀಡಲ್ಲಿ ಎದುರು ನಿಲ್ಲೋಕೆ ಅಂತ ತಂದ ಗಾಡಿ ಅದು. ಅವತ್ತು ಗಂಡೆದೆ ಗಾಡಿ, ಪಕ್ಕದಲ್ಲಿ 1800 ಸಿಸಿ ಬಂದು ನಿಂತ ಮೇಲೆ ಹೆಂಡ್ತಿ ಗಾಡಿ. ಅದೇ ಎಂಜಿನ್ ಸೈಜು!

ಇನ್ನೂ ಒಂದು ಹೇಳ್ತೀನಿ. ಎರಡನೇ ಮಹಾಯುದ್ಧ ಆದ್ಮೇಲೆ ಜರ್ಮನಿಯ ಡಿಕೆಡಬ್ಲ್ಯೂ ಡಿಸೈನ್ ತಗೊಂಡು ಹಾರ್ಲೆಯೋರೇ 125 ಸಿಸಿ ಟೂ ಸ್ಟ್ರೋಕ್ ಗಾಡಿ ಮಾಡಿದ್ರು, 1948ರ ಮಾಡೆಲ್. ಆಮೇಲೆ ಇಟಲಿಯ ಏರ್ಮಾಕಿ ಜೊತೆ ಸೇರಿ 250 ಸಿಸಿ ಕೂಡಾ ಮಾರಿದ್ರು. ಈಗ ಹೀರೋ ಜೊತೆ ಸೇರಿ ಎಕ್ಸ್ 440 ತಂದಾಗ ಇದು ಹಾರ್ಲೆನೇ ಅಲ್ಲ ಅಂತ ಕಾಮೆಂಟ್ ಹಾಕಿದೋರಿಗೆ ಈ ಹಿಸ್ಟರಿ ಗೊತ್ತಿದ್ರೆ ಒಳ್ಳೇದು.

ಇಲ್ಲಿ ನಾನು ಬೈಕ್ ಲೈಸೆನ್ಸ್ ಕ್ಲಾಸಿಗೆ ಹೋದಾಗ ಕಲಿಸಿದ್ದು ಹೋಂಡಾ ರೆಬೆಲ್ 250ಲ್ಲಿ, 1985ರಲ್ಲಿ ಬಂದ ಮಾಡೆಲ್ಲು, 234 ಸಿಸಿ. ಆರಡಿ ಮೂರಿಂಚಿನ ಟ್ರಕ್ ಡ್ರೈವರ್, ಕಾಲೇಜ್ ಹುಡುಗಿ, ನಾನು, ಎಲ್ರೂ ಅದೇ ಥರದ ಗಾಡೀಲೇ ಕೋನ್ ಸುತ್ತಿದ್ವಿ. ಆದ್ರೆ ಇಲ್ಲಿನ ಇಂಟರ್‌ಸ್ಟೇಟ್‌ನಲ್ಲಿ ಲಿಮಿಟ್ಟೇ 70 ಮೈಲಿ, ಅಂದ್ರೆ 112 ಕಿ.ಮೀ, ಅಲ್ಲಿ 250 ಕ್ರೂಸರ್ ತಗೊಂಡು ಹೋದ್ರೆ ಹಿಂದಿನ ಟ್ರಕ್ಕು ನಿಮ್ಮ ಬೆನ್ನು ಮೇಲೇ ಇರುತ್ತೆ, ಆ ಭಯ ನಿಜ. ಊರಲ್ಲಿ ನಾಲ್ಕು ಲೇನ್ ಹೈವೇಲೂ ಬೈಕಿಗೆ ಲಿಮಿಟ್ 80 ಅಲ್ವಾ? 80ಕ್ಕೆ 220 ಧಾರಾಳ ಸಾಕು. ಇಲ್ಲಿನ ಮಾತನ್ನ ಯೂಟ್ಯೂಬಲ್ಲಿ ಕೇಳಿ ಅಲ್ಲಿನ ರೋಡಿಗೆ ಹಚ್ಚೋದು ತಪ್ಪು ಅನ್ಸುತ್ತೆ ನಂಗೆ.

ನೆಲಮಂಗಲ_ಸ್ವೀಪ್:

ನಾನೊಂದು ಗ್ರೂಪ್ ನಡೆಸ್ತೀನಿ (ನೀವು ಹೇಳಿದ ಗ್ರೂಪ್ ಅಲ್ಲ). ಅಡ್ಮಿನ್‌ಗಳ ಕಡೆಯಿಂದ ಒಂದು ಮಾತು ಹೇಳ್ಬೇಕು. ಇಪ್ಪತ್ತು ಗಾಡಿ ಒಟ್ಟಿಗೆ ಹೊರಟಾಗ ಸ್ಪೀಡ್ ಬೇರೆ ಬೇರೆ ಆದ್ರೆ ಸಾಲು ಹರಿದು ಹೋಗುತ್ತೆ, ಹಿಂದೆ ಉಳಿದೋನು ಮುಂದಿನೋರನ್ನ ಹಿಡಿಯೋಕೆ ಅಂತ ಓವರ್‌ಟೇಕ್‌ಗೆ ನುಗ್ತಾನೆ, ಆಕ್ಸಿಡೆಂಟ್ ಆಗೋದು ಅಲ್ಲೇ. ಹಂಗಾಗಿ ಏನಾದ್ರೂ ಒಂದು ಮಿತಿ ಬೇಕು ಅನ್ನೋದು ಸರಿನೇ. ಆದ್ರೆ ಸಿಸಿ ಮಿತಿ ಹಾಕೋದು ಸೋಮಾರಿತನ. ಮೇಲೆ ಯಜಮಾನ್ರು ಹೇಳಿದ ಹಾಗೆ 220ಕ್ಕೂ 350ಕ್ಕೂ ಕ್ರೂಸಿಂಗ್ ಸ್ಪೀಡಲ್ಲಿ ಅಂಥಾ ವ್ಯತ್ಯಾಸ ಇಲ್ಲ, ಎರಡೂ 80-90ರಲ್ಲಿ ಆರಾಮಾಗಿರೋ ಗಾಡಿಗಳು. ಅದೇ 350 ಒಳಗೆ ಬರುತ್ತೆ, 220 ಹೊರಗೆ, ಆದ್ರೆ 130ರಲ್ಲಿ ಹೋಗೋ 650ಗಳೂ ಅದೇ ಸಾಲಲ್ಲಿ! ಇದಕ್ಕೇನು ಅರ್ಥ?

ನಮ್ಮಲ್ಲಿ ನಾವು ರೈಡ್‌ಗೆ ಸ್ಪೀಡ್ ಹೇಳ್ಬಿಡ್ತೀವಿ, ಇವತ್ತಿನದು 80, ಒಪ್ಗೆ ಇದ್ದೋರು ಬನ್ನಿ ಅಂತ. ಚಿಕ್ಕ ಗಾಡಿಗಳನ್ನ ಲೀಡ್ (ಸಾಲಿನ ಮುಂದೆ ಹೋಗೋ ಗಾಡಿ) ಹಿಂದೇನೇ ನಿಲ್ಲಿಸ್ತೀವಿ, ದೊಡ್ಡ ಗಾಡಿ ಹಿಂದೆ. ಆಗ ಸಾಲು ಹರಿಯಲ್ಲ. ಇನ್ನು ಮೈಸೂರು ಕಡೆ ಹೋದ್ರೆ 2023ರ ಆಗಸ್ಟಿಂದ ಎಕ್ಸ್‌ಪ್ರೆಸ್‌ವೇಲಿ ಯಾವ ಬೈಕಿಗೂ ಪ್ರವೇಶ ಇಲ್ಲ, 160 ಆದ್ರೂ 1200 ಆದ್ರೂ ಸರ್ವೀಸ್ ರೋಡೇ ಗತಿ, ಅಲ್ಲಿ ಎಲ್ರೂ ಸಮ.

ಹುಬ್ಬಳ್ಳಿ_ಗ್ಯಾರೇಜ್:

ನಮಸ್ಕಾರ ರೀ. ಗಾಡಿ ರಿಪೇರಿ ಮಾಡಾಂವ ನಾನು, ಶೋಕಿ ವಿಷಯ ನನಗ ಗೊತ್ತಿಲ್ಲ, ಗಾಡಿ ವಿಷಯ ಹೇಳ್ತೇನಿ. ಅವೆಂಜರ್ 220 ಎಂಜಿನ್ ಅಂದ್ರ ಪಲ್ಸರ್ 220 ಮನೆತನದ್ದ ಐತಿ, ಟ್ಯೂನಿಂಗ್ ಅಷ್ಟ ಬ್ಯಾರೆ. ಹಂಗಾಗಿ ಸಾಮಾನು ಎಲ್ಲಾ ಕಡೆ ಸಿಗತಾವ, ಮೂಡಿಗೆರ್ಯಾಗ ನಿಂತ್ರೂ ಕೈ ಹಚ್ಚಾಕ ಬರೋ ಮೆಕ್ಯಾನಿಕ್ ಸಿಗ್ತಾನ. ಇದು ಲಾಂಗ್ ಹೋಗೋರಿಗೆ ಭಾಳ ದೊಡ್ಡ ವಿಷಯ ರೀ, ಇದನ್ನ ಯಾರೂ ಲೆಕ್ಕಕ್ಕ ತಗೊಳ್ಳಂಗಿಲ್ಲ. ನನ್ನ ಹತ್ರ ಬರೋ ಅವೆಂಜರ್ ಮಂದಿ ಯಾರು ಅಂದ್ರ ಸಾಲಿ ಮಾಸ್ತರು, ಮೆಡಿಕಲ್ ರೆಪ್‌ಗೋಳು, ಧಾರವಾಡಕ್ಕ ದಿನಾ ಹೋಗಿ ಬರೋರು. ದಿನಾ ಓಡಿಸ್ತಾರ, ಟೈಮಿಗೆ ಸರಿಯಾಗಿ ಆಯಿಲ್ ಹಾಕಸ್ತಾರ. ಅಂಕಲ್ ಗಾಡಿ ಅಂತ ನಗೋರು ನಗಲಿ, ಅಂಕಲ್‌ಗೋಳು ಇಟ್ಟ ಗಾಡಿ ಚಲೋ ಇರತಾವ.

ತಮ್ಮಾ, ನಿಂದು 2018ರದು ಅಂದಿ. 2019ರ ಏಪ್ರಿಲ್‌ದಿಂದ 125 ಸಿಸಿ ಮ್ಯಾಲಿನ ಎಲ್ಲಾ ಗಾಡಿಗೂ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದ್ರೂ ಗಾಲಿ ಲಾಕ್ ಆಗದಂಗ ನೋಡಿಕೊಳ್ಳೋ ವ್ಯವಸ್ಥಾ) ಕಡ್ಡಾಯ ಆತು, ನಿಂದು ಅದಕ್ಕಿಂತ ಹಳೇದು, ಎಬಿಎಸ್ ಇರಂಗಿಲ್ಲ. ಮುಂದ ಡಿಸ್ಕ್, ಹಿಂದ ಡ್ರಮ್. ಘಾಟ್ ಇಳಿಯೋ ಮುಂದ ಹಿಂದಿನ ಬ್ರೇಕ್ ಒತ್ತಿ ಹಿಡಕೊಂಡ ಇಳೀಬ್ಯಾಡ, ಡ್ರಮ್ ಕಾದು ಹಿಡ್ತ ಬಿಡತೈತಿ. ಎರಡನೇ ಗೇರ್ನ್ಯಾಗ ಬಿಡು, ಎಂಜಿನ್ನ ಹಿಡಕೋತೈತಿ, ಬ್ರೇಕ್ ಎರಡೂ ಸೇರಿಸಿ ಮ್ಯಾಲಿಂದ ಮ್ಯಾಲೆ ಹಚ್ಚಿ ಬಿಡು. ಹಿಂದಿನ ಶಾಕ್ ಪ್ರೀಲೋಡ್ (ಸ್ಪ್ರಿಂಗ್ ಬಿಗಿ) ಎರಡು ಸ್ಟೆಪ್ ಏರಿಸಿಕೋ, ಮನ್ಯಾವರು ಕೂಡತಾರ ಅಂದ್ಯಲ್ಲ. ಹೋಗೋಕಿಂತ ಮೊದಲ ಬ್ರೇಕ್ ಶೂ, ಚೈನು, ಹಿಂದಿನ ಟಯರ್ ನೋಡಿಸು. ಹಿಂದಿಂದು 15 ಇಂಚಿನ ಗಾಲಿ, ಸಣ್ಣ ಊರಾಗ ಆ ಸೈಜಿನ ಟಯರ್ ಸಿಗೂದು ಕಷ್ಟ, ಸವದಿತ್ತಂದ್ರ ಬೆಂಗಳೂರಾಗ ಹಾಕಿಸಿಕೊಂಡ ಹೋಗು.

ಹಾಸನದ_ಹುಡುಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಒಂದೊಂದು ರಿಪ್ಲೈನೂ ಹೆಂಡ್ತಿಗೆ ಓದಿ ಹೇಳಿದೆ. ಹುಬ್ಬಳ್ಳಿ ಅಣ್ಣ, ಎಬಿಎಸ್ ವಿಷಯ ಹೇಳಿದ್ದು ಒಳ್ಳೇದಾಯ್ತು, ಈ ವಾರನೇ ಬ್ರೇಕ್ ಶೂ ಬಿಚ್ಚಿಸಿ ನೋಡಿಸ್ತೀನಿ. ಗಾಡಿ ಮಾರಲ್ಲ, ಅದು ತೀರ್ಮಾನ ಆಯ್ತು. ಆ ಗ್ರೂಪಿಂದಾನೂ ಆಚೆ ಬಂದೆ. ನೆಲಮಂಗಲದೋರೆ, ನಿಮ್ಮ 80ರ ರೈಡ್ ಮುಂದಿಂದು ಯಾವಾಗ ಹೇಳಿ, ಬರ್ತೀನಿ.

ಇನ್ನೊಂದು ಕೇಳ್ಬೇಕು, ಹೆಂಡ್ತಿಗೆ ಬ್ಯಾಕ್‌ರೆಸ್ಟ್ ಹಾಕಿಸ್ಬೇಕು ಅಂತಿದೀನಿ, ಜೆಸಿ ರೋಡಲ್ಲಿ ಎತ್ತರದ್ದೂ ಇದೆ ಗಿಡ್ಡದ್ದೂ ಇದೆ. ಯಾವ್ದು ಒಳ್ಳೇದು? ಮತ್ತೆ ಉಡುಪಿ ಅಣ್ಣ, ಚಾರ್ಮಾಡೀಲಿ ಹೊಂಡ ಬಂದಾಗ ಎದ್ದು ನಿಲ್ಲೋಕೆ ಆಗಲ್ಲ ಅಂದ್ರಲ್ಲ, ಹಂಗಾದ್ರೆ ಏನ್ ಮಾಡೋದು?

ಉಡುಪಿ_ಘಾಟಿ:

ಎಂತ ಇಲ್ಲ, ಹೊಂಡ ದೂರದಿಂದ ನೋಡಿ ಮೊದಲೇ ಸ್ಪೀಡ್ ಇಳಿಸಿ, ಹೊಂಡದೊಳಗೆ ಇರುವಾಗ ಬ್ರೇಕ್ ಹಿಡೀಬೇಡಿ, ಫೋರ್ಕ್ (ಮುಂದಿನ ಶಾಕ್) ಮೊದಲೇ ಕುಗ್ಗಿದ್ರೆ ಪೆಟ್ಟು ಜಾಸ್ತಿ. ಹಿಂದೆ ಕೂತವರಿಗೆ ಹೊಂಡ ಉಂಟು ಅಂತ ಒಂದು ಮಾತು ಹೇಳಿ, ಅವರು ರೆಡಿ ಇದ್ರೆ ಅರ್ಧ ಪೆಟ್ಟು ಕಡಿಮೆ. ಕೊಟ್ಟಿಗೆಹಾರ ಬೆಳಿಗ್ಗೆಯೇ ದಾಟಿ, ಮಧ್ಯಾಹ್ನದ ಮೇಲೆ ಮಂಜು ಬಂದ್ರೆ ಮುಂದಿನ ತಿರುವು ಕಾಣುವುದಿಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ಸಿಗ್ತದೆ, ತಿಂದು ಇಳೀರಿ.

ಗೇರ್_ಅಕ್ಕ:

ಬ್ಯಾಕ್‌ರೆಸ್ಟ್ ಗಿಡ್ಡದ್ದೇ ತಗೊಳ್ಳಿ, ಸೊಂಟದ ಮೇಲೆ ಒಂದು ಗೇಣು ಬರೋ ಥರದ್ದು. ಎತ್ತರದ್ದಾದ್ರೆ ಹೆಲ್ಮೆಟ್ ಹಾಕ್ಕೊಂಡು ಬ್ಯಾಗ್ ಹಾಕ್ಕೊಂಡು ಹತ್ತಿ ಇಳಿಯೋಕೆ ಕಾಲು ಎತ್ತೋದೇ ಕಷ್ಟ, ಸೀರೆ ಉಟ್ಟಿದ್ರಂತೂ ಆಗೋದೇ ಇಲ್ಲ. ವೆಲ್ಡಿಂಗ್ ಮಾಡಿ ಕೂರಿಸೋದು ಬೇಡ, ಬೋಲ್ಟಲ್ಲಿ ಕೂರೋ ಥರದ್ದು ಕೇಳಿ. ಅಂಗಡಿಗೆ ನೀವೊಬ್ರೇ ಹೋಗ್ಬೇಡಿ, ಅವರನ್ನೂ ಕರ್ಕೊಂಡು ಹೋಗಿ ಕೂರಿಸಿ ನೋಡಿ, ಕೂರೋದು ಅವರಲ್ವಾ. ಹಂಗೇ ಒಂದು ದಿನ ಖಾಲಿ ರೋಡಲ್ಲಿ ಅವರಿಗೂ ಗಾಡಿ ಕೊಟ್ಟು ನೋಡಿ. ಕ್ಲಚ್ ಹೇಳಿಕೊಡೋಕೆ ಭಾನುವಾರ ನಾನು ಬರ್ತೀನಿ, ಮೆಸೇಜ್ ಮಾಡೋಕೆ ಹೇಳಿ.